ಓದು ಬಿಟ್ಟ ಹುಡುಗ, ಮಾತು ಬಿಟ್ಟ ಮಾವ

ಹುಡುಗನಿಗೆ 15 ವರ್ಷ. ತಂದೆ ಅವನ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಹೋದ ವರ್ಷ ತಾಯಿಯೂ ಹೋದರು. ತಂಗಿಯೊಂದಿಗೆ ಸೋದರಮಾವನ ಮನೆ ಸೇರಿದವನು ಒಂಬತ್ತನೆಯ ತರಗತಿ ಮುಗಿಸಿ ಗ್ಯಾರೇಜಿಗೆ ಹೋಗತೊಡಗಿದ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ಮಾವ, ಗಾರೆ ಕೆಲಸದವರು. "ಇವನಿಗೆ ಓದು ಹತ್ತುವುದಿಲ್ಲ ಮೇಡಂ. ನಾನಂತೂ ಬೇಡ ಎಂದಿಲ್ಲ" ಎಂದರು. ಹುಡುಗನೊಬ್ಬನನ್ನೇ ಮಾತನಾಡಿಸಿದಾಗ ಬೇರೆಯೇ ಸಂಗತಿ ಹೊರಬಂತು. ಅತ್ತೆ ಎರಡನೆಯ ಸಲ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದನಂತೆ. "ನಾಲ್ಕು ಜನರ ಮನೆಯಲ್ಲಿ ಆರು ಜನ ಆಗಿದ್ದೇವೆ. ನಾನು ದುಡಿದರೆ ತಂಗಿಯಾದರೂ ಓದುತ್ತಾಳೆ."

ಮಾವನನ್ನು ಬೇರೆಯಾಗಿ ಕೂರಿಸಿ, ಅವರ ಅಕ್ಕನ ಬಗ್ಗೆ ಕೇಳಿದೆ. ಬಹಳ ಹೊತ್ತು ಅತ್ತರು. ಹುಡುಗನ ಮುಖದಲ್ಲಿ ಅಕ್ಕನೇ ಕಾಣುವುದರಿಂದ ಅವನೊಡನೆ ಮಾತೇ ಹೊರಡುವುದಿಲ್ಲ ಎಂದರು. ಆ ಮೌನವನ್ನು ಹುಡುಗ ಬೇಸರವೆಂದು ತಿಳಿದಿದ್ದ. ಮಕ್ಕಳನ್ನು ಸಂತೈಸುವ ನಾವು, ಅವರನ್ನು ಸಾಕುವವರೂ ಒಬ್ಬರನ್ನು ಕಳೆದುಕೊಂಡಿದ್ದಾರೆ ಎಂಬುದನ್ನು ಮರೆಯಬಾರದು.

ಖರ್ಚಿನ ಮಾತನ್ನು ಇಬ್ಬರ ಎದುರೇ ಬಿಡಿಸಿ ಆಡಿದೆವು. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ (ಸ್ಪಾನ್ಸರ್‌ಶಿಪ್), ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಸಿಗಬಹುದು; ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ತಂದೆತಾಯಿಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಶಾಲೆಯ ದಾಖಲೆಗಳೊಂದಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲು ತಿಳಿಸಿದೆ. ಮಂಜೂರಾಗುವ ತನಕ ಆ ಹಣವನ್ನು ನೆಚ್ಚಿ ಸಾಲ ಮಾಡಬೇಡಿ ಎಂದೂ ಎಚ್ಚರಿಸಿದೆ.

ಮಾವ, ಅತ್ತೆಗೆ ಹೇಳಿದ್ದು ಇಷ್ಟೇ: ಎಷ್ಟೇ ಸಿಟ್ಟು ಬಂದರೂ "ನಿನಗಾಗಿ ಇಷ್ಟೆಲ್ಲ ಮಾಡಿದೆವು" ಎನ್ನಬೇಡಿ. ಅಕ್ಕನ ವಿಷಯವನ್ನು ಮನೆಯಲ್ಲಿ ಮುಚ್ಚಿಡಬೇಡಿ. ಹುಡುಗನಿಗೆ ಎಂಜಿನ್ ಬಿಚ್ಚುವುದೆಂದರೆ ನಿಜಕ್ಕೂ ಪ್ರೀತಿ. ಅದನ್ನು ನಾನು ಅಲ್ಲಗಳೆಯಲಿಲ್ಲ. ಹತ್ತನೆಯ ತರಗತಿ ಮುಗಿಸಿದರೆ ಐಟಿಐ ಸೇರಿ ಅದನ್ನೇ ಕಲಿಯಬಹುದು ಎಂದಾಗ ಮೊದಲ ಸಲ ತಲೆಯೆತ್ತಿ ನೋಡಿದ. ಮುಖ್ಯ ಶಿಕ್ಷಕರಿಗೂ ಒಂದು ಮಾತು ಹೇಳಬೇಕಾಯಿತು: ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು "ಅಪ್ಪ ಅಮ್ಮ ಇಲ್ಲದವರು ಎದ್ದು ನಿಲ್ಲಿ" ಎಂದು ತರಗತಿಯಲ್ಲಿ ಕರೆಯಬೇಡಿ.

ಈಗ ಶಾಲೆಗೆ ಹೋಗುತ್ತಿದ್ದಾನೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಮುಂದಿನ ಭೇಟಿಗೆ ತಂಗಿಯನ್ನೂ ಕರೆತರಲು ಹೇಳಿದ್ದೇನೆ. ಅವಳನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ.