ಸಂಪಾದಕರ ಉತ್ತರ: ನೆರೆಯವರ ಬೆರಕೆ, ನಿಮ್ಮ ದರ

ಮಾನ್ಯರೇ,

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಾದ ನೀವು ಬರೆದ ಪತ್ರದ ಸಾರ ಇಷ್ಟು: ಚಾಲಿಯಿಂದ, ಅಂದರೆ ಸಿಪ್ಪೆಯೊಡನೆ ಒಣಗಿಸಿ ಸುಲಿದ ಅಡಿಕೆಯಿಂದ, ಕೋಕಾ, ಬಿಳೇಗೋಟು ಎಂಬ ಕೆಳದರ್ಜೆಯ ಅಡಿಕೆಗಳನ್ನು ಆರಿಸಿ ತೆಗೆದೇ ನೀವು ವ್ಯಾಪಾರಿಗಳು ದರ ಬರೆದು ಕೊಳ್ಳುವ ಟೆಂಡರಿಗೆ ಇಟ್ಟಿರಿ, ನೆರೆಮನೆಯವರು ಒಂದಿಷ್ಟು ಬೆರೆಸಿ ಇಟ್ಟರು, ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ದರ ಬಂತು. ಹಾಗಿದ್ದ ಮೇಲೆ ಒಬ್ಬನ ದಿನನಿತ್ಯದ ಪ್ರಾಮಾಣಿಕತೆಯಿಂದ ಆಗುವುದೇನು ಎಂದು ಕೇಳಿದ್ದೀರಿ.

ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಇಬ್ಬರಿಗೂ ಒಂದೇ ದರ ಬಂದದ್ದನ್ನು ನೋಡಿ ‘ಅವರು ಬೆರೆಸಿದ್ದರಿಂದ ನನಗೇನೂ ನಷ್ಟವಾಗಲಿಲ್ಲ’ ಎಂದುಕೊಂಡರೆ ಅದನ್ನು ನಾನು ಒಪ್ಪಲಾರೆ. ವ್ಯಾಪಾರಿ ಚೀಲದ ಬಾಯಿ ಬಿಚ್ಚಿ, ಕೈಯನ್ನು ಆಳಕ್ಕಿಳಿಸಿ ಒಂದು ಹಿಡಿ ತೆಗೆದು, ಎರಡು ಮೂರು ಅಡಿಕೆಗಳನ್ನು ಅಡಕತ್ತರಿಯಲ್ಲಿ ಒಡೆದು ಒಳಗನ್ನು ನೋಡುತ್ತಾನೆಯೇ ಹೊರತು ಇಡೀ ಮಾಲನ್ನು ಸುರುವಿ ನೋಡಲು ಅವನಿಗೆ ವೇಳೆಯಿರುವುದಿಲ್ಲ. ಕಣ್ಣಿಗೆ ಬೀಳದ ಅಡಿಕೆಯ ಬಗ್ಗೆ ಅವನಿಗಿರುವ ಆಧಾರ ಹಿಂದಿನ ಅನುಭವ. ಈ ಕಡೆಯ ಮಾಲಿನಲ್ಲಿ ಬೆರಕೆ ಸಿಕ್ಕಿದ ನೆನಪಿದ್ದರೆ, ತನಗೆ ಪೆಟ್ಟು ಬೀಳದಿರಲೆಂದು ಅವನು ಎಲ್ಲರ ಮಾಲಿಗೂ ತುಸು ಕಡಿಮೆಯನ್ನೇ ಬರೆಯುತ್ತಾನೆ. ಹೀಗಾಗಿ ನೆರೆಯವರ ಬೆರಕೆ ನಿಮ್ಮ ದರವನ್ನು ಆಗಲೇ ತಗ್ಗಿಸಿದೆ, ನಿಮ್ಮ ಶ್ರದ್ಧೆ ಅವರ ದರವನ್ನು ಎತ್ತಿ ಹಿಡಿದಿದೆ. ಇಬ್ಬರಿಗೂ ಒಂದೇ ದರ ಬಂದದ್ದರ ಅರ್ಥ ನನ್ನ ಮಟ್ಟಿಗೆ ಇದೇ.

ನಮ್ಮ ಹಿರಿಯರು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೊಸೈಟಿ ಕಟ್ಟಿ, ಬೆಳೆಗಾರರು ಒಟ್ಟಾಗಿ ಮಾರುವ ದಾರಿ ಹಿಡಿದರು. ಒಟ್ಟಾಗಿ ಮಾರುವುದೆಂದರೆ ಒಬ್ಬನ ಚೀಲಕ್ಕೆ ಹತ್ತು ಜನರ ಹೆಸರು ಅಂಟಿಕೊಳ್ಳುವುದು. ಅದರ ಲಾಭವೂ ಹತ್ತು ಜನರದು, ಕೆಟ್ಟ ಹೆಸರೂ ಹತ್ತು ಜನರದು.

ದರಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಸಂಗತಿ ಮತ್ತೊಂದಿದೆ. ಜಗುಲಿಯಲ್ಲಿ ಅಡಿಕೆ ಆರಿಸುತ್ತ ಕುಳಿತ ಹೆಂಗಸು ಒಡಕು ಅಡಿಕೆಯೊಂದನ್ನು ಹಿಡಿದು ‘ಇದನ್ನು ಯಾವುದಕ್ಕೆ ಹಾಕಲಿ?’ ಎಂದು ಕೇಳುತ್ತಾಳೆ. ‘ಇರಲಿ, ಅದರಲ್ಲೇ ಹಾಕು’ ಎಂದು ಯಜಮಾನ ನಾಲ್ಕು ಸಲ ಹೇಳಿದರೆ ಐದನೆಯ ಸಲ ಅವಳು ಕೇಳುವುದೇ ಇಲ್ಲ. ಪಕ್ಕದಲ್ಲೇ ಆಡುತ್ತಿರುವ ಮಗುವೂ ವ್ಯವಹಾರ ಎಂದರೇನೆಂದು ಕಲಿಯುವುದು ಅಲ್ಲಿಯೇ. ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಇನ್ನೂ ಕೇಳಿಬರುತ್ತಿದೆಯಲ್ಲ, ಅದನ್ನು ಸಣ್ಣದೆಂದು ಎಣಿಸಬೇಡಿ.

ಆದರೂ ಒಬ್ಬರೇ ನಷ್ಟ ತಿನ್ನುತ್ತ ಸುಮ್ಮನಿರಿ ಎಂದು ನಾನು ಹೇಳುವುದಿಲ್ಲ. ಮೊದಲು ನೆರೆಯವರೊಡನೆ ಕುಳಿತು, ಆರೋಪದ ದನಿಯಿಲ್ಲದೆ, ದರದ ಈ ಲೆಕ್ಕವನ್ನು ಮಾತಾಡಿ. ಆಮೇಲೆ ನಿಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಬೆರಕೆ ಕಂಡುಬಂದ ಮಾಲನ್ನು ಮತ್ತೆ ಆರಿಸಿ ತರುವಂತೆ ಬೆಳೆಗಾರನಿಗೇ ಹಿಂದಿರುಗಿಸಬೇಕೆಂದೂ, ಚೊಕ್ಕ ಮಾಲು ತರುವವರ ಹೆಸರು ಖರೀದಿದಾರರಿಗೆ ತಿಳಿಯುವಂತಾಗಬೇಕೆಂದೂ ಕೇಳಿ.