9,000 ಸೈಟೇಷನ್, ಎಚ್-ಇಂಡೆಕ್ಸ್ 22: ಈ ಅಂಕಿಗಳನ್ನು ಓದುವುದು ಹೇಗೆ?

ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದೀರಿ. ಸಂಶೋಧನಾ ಪೇಪರ್‌ಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಒಬ್ಬರಿಗೆ 9,000 ಸೈಟೇಷನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ), ಎಚ್-ಇಂಡೆಕ್ಸ್ 22. ಇನ್ನೊಬ್ಬರಿಗೆ 2,400 ಸೈಟೇಷನ್, ಎಚ್-ಇಂಡೆಕ್ಸ್ 26. ಯಾರು ಮೇಲು ಎಂದು ಕೇಳಿದ್ದೀರಿ.

ಎರಡೂ ಅಂಕಿಗಳನ್ನು ಒಟ್ಟಿಗೇ ನೋಡಬೇಕು. ಎಚ್-ಇಂಡೆಕ್ಸ್ 22 ಅಂದರೆ ತಲಾ ಕನಿಷ್ಠ 22 ಸಲ ಉಲ್ಲೇಖಗೊಂಡ ಪೇಪರ್‌ಗಳು 22 ಇವೆ ಎಂದರ್ಥ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಗಣಿತಜ್ಞ ಅಲೆಕ್ಸಾಂಡರ್ ಯಾಂಗ್ 2014ರಲ್ಲಿ ಇದಕ್ಕೊಂದು ತಾಳೆ ತೋರಿಸಿದರು: ಒಟ್ಟು ಸೈಟೇಷನ್‌ನ ವರ್ಗಮೂಲವನ್ನು 0.54ರಿಂದ ಗುಣಿಸಿದರೆ ಸಾಮಾನ್ಯವಾಗಿ ಎಚ್-ಇಂಡೆಕ್ಸ್‌ನ ಆಸುಪಾಸಿಗೆ ಬರುತ್ತದೆ. 2,400ಕ್ಕೆ 26 ಬರುತ್ತದೆ, ಎರಡನೆಯವರದು ಸರಿಹೋಯಿತು. 9,000ಕ್ಕೆ 51 ಬರಬೇಕಿತ್ತು, ಇರುವುದು 22. ಅಂದರೆ ಮೊದಲನೆಯವರ ಸೈಟೇಷನ್‌ನಲ್ಲಿ ಸಿಂಹಪಾಲು ಬಹುಶಃ ಬೆರಳೆಣಿಕೆಯ ಪೇಪರ್‌ಗಳದ್ದು.

ಅದರಲ್ಲಿ ತಪ್ಪೇನಿಲ್ಲ, ಆ ಪೇಪರ್ ಯಾವುದು ಅನ್ನುವುದು ಮುಖ್ಯ. ಸ್ಕಾಲರ್ ಪುಟ ತೆರೆದ ಕೂಡಲೇ ಹೆಚ್ಚು ಸೈಟೇಷನ್ ಇರುವುದೇ ಮೇಲೆ ಬರುತ್ತದೆ. ಮೊದಲ ಮೂರನ್ನು ತೆರೆಯಿರಿ. ಸರ್ವೆ ಪೇಪರ್ (ಇತರರ ಕೆಲಸವನ್ನು ಒಟ್ಟುಗೂಡಿಸಿ ಹೇಳುವುದು) ಆಗಿದ್ದರೆ ಜನ ಪೀಠಿಕೆಯ ಒಂದು ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗಿರುತ್ತಾರೆ. ಸಾಫ್ಟ್‌ವೇರ್ ಆಗಿದ್ದರೆ ಬಳಸಿದವರೆಲ್ಲ ಉಲ್ಲೇಖಿಸುತ್ತಾರೆ; ಲಿಬ್‌ಎಸ್‌ವಿಎಂ ಕುರಿತ 2011ರ ಪೇಪರ್‌ಗೆ ಹತ್ತಾರು ಸಾವಿರ ಸೈಟೇಷನ್ ಬಂದದ್ದು ಹಾಗೆ. ಇದನ್ನು ನಾನು ಸರ್ವೆಗಿಂತ ಮೇಲಿಡುತ್ತೇನೆ. ಹದಿನೈದು ಲೇಖಕರ ಹೆಸರುಗಳ ನಡುವೆ ಇವರದು ಒಂಬತ್ತನೆಯದಾಗಿದ್ದರೆ ಆ ಸೈಟೇಷನ್ ಬದಿಗಿಟ್ಟು ಉಳಿದದ್ದನ್ನು ನೋಡಿ.

ಆಮೇಲೆ 'ಇಯರ್' ಮೇಲೆ ಒತ್ತಿ ಪಟ್ಟಿಯನ್ನು ವರ್ಷವಾರು ಮಾಡಿಕೊಳ್ಳಿ. ಬಲಗಡೆಯ ಕಂಬದ ಗ್ರಾಫ್ ನೋಡಿ ಬಹಳ ಜನ ಮೋಸ ಹೋಗುತ್ತಾರೆ: ಅದು ಆಯಾ ವರ್ಷ ಬಂದ ಸೈಟೇಷನ್, ಆಯಾ ವರ್ಷ ಬರೆದ ಪೇಪರ್ ಅಲ್ಲ. ಹತ್ತು ವರ್ಷದಿಂದ ಪೆನ್ನು ಕೆಳಗಿಟ್ಟವರ ಗ್ರಾಫೂ ಏರುತ್ತಲೇ ಇರಬಹುದು.

ಸ್ಕಾಲರ್ ಒಂದನ್ನೇ ನಂಬಬೇಡಿ. ಎಲ್ಲೂ ಪ್ರಕಟವಾಗದೆ ವೆಬ್‌ನಲ್ಲಿ ಬಿದ್ದಿರುವ ಪಿಡಿಎಫ್‌ಗಳನ್ನೂ ಅದು ಎಣಿಸಬಹುದು. 2010ರಲ್ಲಿ ಸಿರಿಲ್ ಲಾಬೆ ಎಂಬ ಫ್ರೆಂಚ್ ಸಂಶೋಧಕರು ಐಕ್ ಆಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಯನ್ನು ಸೃಷ್ಟಿಸಿ, ಒಂದನ್ನೊಂದು ಉಲ್ಲೇಖಿಸುವ ನಕಲಿ ಪೇಪರ್‌ಗಳಿಂದ ಅವನ ಎಚ್-ಇಂಡೆಕ್ಸನ್ನು 94ಕ್ಕೆ ಏರಿಸಿ ತೋರಿಸಿದ್ದರು! ನಮ್ಮ ಕಡೆಯ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಇನಿಷಿಯಲ್ ಜೊತೆ ರಾವ್, ಕುಮಾರ್ ಬಂದರೆ ಬೇರೆಯವರ ಪೇಪರ್‌ಗಳೂ ಪ್ರೊಫೈಲಿಗೆ ತಾನಾಗಿ ಸೇರಿಕೊಳ್ಳಬಹುದು.

ಹಾಗಾಗಿ ಪೇಪರ್‌ಗಳ ಪಟ್ಟಿ ಕೊಡುವ ಡಿಬಿಎಲ್‌ಪಿ ಜಾಲತಾಣದಲ್ಲಿ ಅದೇ ಹೆಸರು ಹುಡುಕಿ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಶುರುವಾದ ಈ ಪಟ್ಟಿ ಕಂಪ್ಯೂಟರ್ ಸೈನ್ಸ್‌ಗೇ ಮೀಸಲು. ಒಂದೇ ಹೆಸರಿನವರನ್ನು 0001, 0002 ಎಂದು ಬೇರೆ ಮಾಡಿರುತ್ತಾರೆ. ನೀಲಿ ಗುರುತು ಕಾನ್ಫರೆನ್ಸ್, ಕೆಂಪು ಜರ್ನಲ್, ಬೂದು ಅಂದರೆ ಆರ್ಕೈವ್‌ನಂಥ (arXiv) ಜಾಲತಾಣದಲ್ಲಿ ಹಾಕಿದ್ದು, ಇತರ ತಜ್ಞರ ವಿಮರ್ಶೆಗೆ ಒಳಗಾಗಿಲ್ಲದ್ದು. ಬರೀ ಬೂದು ಕಂಡರೆ ಹುಷಾರು. ಕೆಂಪು ಕಡಿಮೆ ಇದೆಯೆಂದು ಮಾತ್ರ ಗಾಬರಿ ಬೇಡ. ಈ ಕ್ಷೇತ್ರದ ಒಳ್ಳೆಯ ಕೆಲಸ ಹೆಚ್ಚಾಗಿ ಕಾನ್ಫರೆನ್ಸ್‌ನಲ್ಲೇ ಬರುತ್ತದೆ: ಥಿಯರಿಗೆ ಸ್ಟಾಕ್ (STOC), ಫಾಕ್ಸ್ (FOCS). ಮೆಷಿನ್ ಲರ್ನಿಂಗ್‌ಗೆ ನ್ಯೂರಿಪ್ಸ್, ಐಸಿಎಂಎಲ್.

ಇಬ್ಬರೂ ಬೇರೆ ಬೇರೆ ಉಪಕ್ಷೇತ್ರದವರಾದರೆ ಹೋಲಿಕೆಯನ್ನೇ ಬಿಡಿ. ಮೆಷಿನ್ ಲರ್ನಿಂಗ್‌ನ ರೆಸ್‌ನೆಟ್ ಪೇಪರ್‌ಗೆ ಸ್ಕಾಲರ್‌ನಲ್ಲಿ ಎರಡು ಲಕ್ಷಕ್ಕೂ ಮೀರಿ ಸೈಟೇಷನ್ ಇದೆ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಬೇಗ ಪತ್ತೆಹಚ್ಚುವ ವಿಧಾನವನ್ನು 2002ರಲ್ಲಿ ಕೊಟ್ಟು, 2006ರಲ್ಲಿ ಗೋಡೆಲ್ ಪ್ರಶಸ್ತಿ ಪಡೆದ ಐಐಟಿ ಕಾನ್ಪುರದ ಅಗ್ರವಾಲ್, ಕಯಾಲ್, ಸಕ್ಸೇನಾ ಅವರ ಥಿಯರಿ ಪೇಪರ್ ಅದರ ಹತ್ತಿರಕ್ಕೂ ಬರುವುದಿಲ್ಲ.

ನಿಮಗೆ ಬೇಕಿರುವುದು ಗೈಡ್ ಆದ್ದರಿಂದ, ಕಳೆದ ಐದು ವರ್ಷದ ನೀಲಿ ಸಾಲುಗಳಲ್ಲಿ ಲೇಖಕರ ಪೈಕಿ ಮೊದಲ ಹೆಸರು ಯಾರದ್ದೆಂದು ನೋಡಿ. ಅವರ ವಿದ್ಯಾರ್ಥಿಗಳ ಹೆಸರುಗಳೇ ಬದಲಾಗುತ್ತ ಬಂದಿದ್ದರೆ ಆ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಕೆಲಸ ಸಿಗುತ್ತಿದೆ ಎಂದು ಲೆಕ್ಕ. ಥಿಯರಿಯಲ್ಲಿ ಈ ಉಪಾಯ ನಡೆಯದು. ಅಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತಾರೆ. ಅಲ್ಲಿ ಆ ಗೈಡ್ ಬಳಿ ಪಿಎಚ್‌ಡಿ ಮುಗಿಸಿದವರ ಹೆಸರು ಹಿಡಿದು, ಅವರು ಈಗ ಸ್ವಂತವಾಗಿ ಏನು ಬರೆಯುತ್ತಿದ್ದಾರೆ ಎಂದು ಡಿಬಿಎಲ್‌ಪಿಯಲ್ಲೇ ಹುಡುಕಿ.