ನಾಲ್ಕು ದಪ್ಪ ತಂತಿ, ಎಂಟು ಪತ್ರ

ಬೇಸ್ ಗಿಟಾರ್ ಕೊಳ್ಳುವವರು, ಮಾರುವವರು, ಬದಲಿಸುವವರು ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಎರಡೇ ಸಾಲು ಹಾಕಿದ್ದೆ. ನಮ್ಮ ಜಿಲ್ಲೆಯಲ್ಲಿ ಬೇಸ್ ನುಡಿಸುವವರನ್ನು ಒಂದು ಟೆಂಪೋದಲ್ಲಿ ತುಂಬಬಹುದು ಅಂದುಕೊಂಡಿದ್ದೆ. ಪತ್ರ ನೋಡಿದರೆ ಬಸ್ಸೇ ಬೇಕು. ಎಂಟನ್ನು ಆರಿಸಿದ್ದೇನೆ.

ಕಾರವಾರದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಕೈಯಲ್ಲಿ 18 ಸಾವಿರ ಇದೆ. ಮಡಗಾಂವಿಗೆ ಹೋಗಿ ಹೊಸ ಬೇಸ್ ತರಲಾ, ಇಲ್ಲಾ ಕೋಡಿಬಾಗದಲ್ಲಿ ಒಬ್ಬರು ಹಳೆಯದು ಮಾರ್ತಾರಂತೆ, ಅದನ್ನು ತಗೊಳ್ಳಲಾ? ನೋಡಲು ಹೋದರೆ ಏನು ನೋಡಬೇಕು ಅಂತಲೇ ಗೊತ್ತಿಲ್ಲ.

ತಮ್ಮಾ, ಮೊದಲು ಕೋಡಿಬಾಗಕ್ಕೆ ಹೋಗು. ನೋಡಲು ಕಾಸು ಕೊಡಬೇಕಾಗಿಲ್ಲ. ತಗೊಳ್ಳದಿದ್ದರೂ ಒಂದು ಗಂಟೆ ಕೈಯಲ್ಲಿ ಹಿಡಿದದ್ದು ಮಡಗಾಂವಿನ ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಮತ್ತೆ 18 ಸಾವಿರವನ್ನೂ ಬೇಸಿಗೇ ಸುರಿಯಬೇಡ. ಕೇಬಲ್, ಬ್ಯಾಗು, ಹೊಸ ತಂತಿ, ಹೆಡ್‌ಫೋನ್ ಹಾಕಿ ನುಡಿಸುವ ಸಣ್ಣ ಆ್ಯಂಪ್, ತಂತಿಯ ಎತ್ತರ ಇತ್ಯಾದಿ ಹೊಂದಿಸುವ ಸೆಟಪ್ ಒಮ್ಮೆ ಮಾಡಿಸುವ ಖರ್ಚು ಅಂತ ನಾಲ್ಕೈದು ಸಾವಿರ ಬದಿಗಿಡು. ಉಳಿದ ಹಣದಲ್ಲಿ ಹೊಸದಾದರೆ ತೀರಾ ಆರಂಭದ ಮಾಡೆಲ್. ಹಳೆಯದಾದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಯಮಹಾವೋ ಐಬನೆಜ್ಜೋ ಸ್ಕ್ವೈಯರೋ ಸಿಗಬಹುದು. ಸಿಗಬಹುದು ಅಂದೆ, ಸಿಗುತ್ತದೆ ಅನ್ನಲಿಲ್ಲ.

ಹೋದ ಕೂಡಲೇ ಆ್ಯಂಪಿಗೆ ಚುಚ್ಚಬೇಡ. ಮಾರುವವರು ಮೊದಲು ಅದನ್ನೇ ಮಾಡುತ್ತಾರೆ, ಮನೆಯ ಕಿಟಕಿ ಗಡಗಡ ಅನ್ನುವಷ್ಟು ಜೋರಾಗಿ ನುಡಿಸಿದರೆ ಎಂಥ ಬೇಸೂ ಚಂದವೇ ಕೇಳುತ್ತದೆ. ಬೆಳಕಿರುವ ಜಗಲಿಗೆ ತಗೊಂಡು ಬಾ. ಬಡಗಿ ಹಲಗೆ ನೆಟ್ಟಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ ಬಾಡಿಯ ಕಡೆಯಿಂದ ನೆಕ್, ಅಂದರೆ ತಂತಿ ಹಾಯುವ ಉದ್ದನೆಯ ಮರದ ಕತ್ತು, ಅದರ ಉದ್ದಕ್ಕೂ ನೋಡು. ಎರಡೂ ಅಂಚು ಒಂದೇ ರೀತಿ ಬಾಗಿದ್ದರೆ ಸರಿ ಮಾಡಬಹುದು. ಒಂದಂಚು ಮೇಲೆ, ಇನ್ನೊಂದು ಕೆಳಗೆ ತಿರುಚಿದಂತೆ ಕಂಡರೆ ಚಾ ಕುಡಿದು ಎದ್ದು ಬಾ. ನೆಕ್ಕಿನೊಳಗೆ ಬಾಗು ಹೊಂದಿಸಲು ಟ್ರಸ್ ರಾಡ್ ಅನ್ನುವ ಸರಳು ಇರುತ್ತದೆ, ತಿರುಚಿದ ನೆಕ್ಕನ್ನು ಅದು ನೆಟ್ಟಗೆ ಮಾಡುವುದಿಲ್ಲ.

ಆಮೇಲೆ ದಪ್ಪ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್ಟಿನ (ನೆಕ್ಕಿಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಮೇಲೆ, ಬಲಗೈಯಲ್ಲಿ ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಒತ್ತು. ನಡುವೆ, ಏಳನೇ ಎಂಟನೇ ಫ್ರೆಟ್ಟಿನ ಹತ್ತಿರ, ತಂತಿಗೂ ಫ್ರೆಟ್ಟಿಗೂ ಒಂದು ವಿಸಿಟಿಂಗ್ ಕಾರ್ಡು ಹೋಗುವಷ್ಟು ಸಂದು ಇರಬೇಕು. ಏನೂ ಇಲ್ಲದಿದ್ದರೆ ಅಥವಾ ಎರಡು ಮೂರು ಕಾರ್ಡು ಹೋದರೆ ಟ್ರಸ್ ರಾಡ್ ತಿರುಗಿಸಬೇಕಾಗುತ್ತದೆ. ಅದು ದೋಷ ಅಲ್ಲ, ಎಲ್ಲ ಬೇಸಿಗೂ ಆಗುತ್ತದೆ. ನಾಲ್ಕು ತಂತಿ ಸೇರಿ ನೆಕ್ಕನ್ನು 70 ಕೆ.ಜಿ.ಗೂ ಜಾಸ್ತಿ ಬಲದಲ್ಲಿ ಎಳೆಯುತ್ತಿರುತ್ತವೆ, ಒಳಗಿನ ಕಬ್ಬಿಣದ ಸರಳು ಆ ಎಳೆತಕ್ಕೆ ಎದುರು ನಿಲ್ಲುತ್ತದೆ, ಅಷ್ಟೇ. ಆದರೆ ಆ ಸರಳಿನ ನಟ್ಟು ಇನ್ನೂ ತಿರುಗುತ್ತದಾ? ಇದನ್ನು ಕೇಳಲೇಬೇಕು. ನಾನು ಕೇಳಿರಲಿಲ್ಲ. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಕೆಂಪು ಬಣ್ಣದ ಹಳೆ ಬೇಸ್ ತಗೊಂಡೆ, ಕಪಾಟಿನಂತೆ ಹೊಳೆಯುತ್ತಿತ್ತು. ಮನೆಗೆ ತಂದು ಹೆಡ್‌ಸ್ಟಾಕಿನ, ಅಂದರೆ ನೆಕ್ಕಿನ ತುದಿಯ ತಲೆಯ, ಮುಚ್ಚಳ ಬಿಚ್ಚಿದರೆ ನಟ್ಟು ಆಗಲೇ ಕೊನೆ ಮುಟ್ಟಿತ್ತು, ಅದರ ಅಂಚು ಸವೆದು ಕೀಲಿ ಸುಮ್ನೆ ತಿರುಗುತ್ತಿತ್ತು. ಅಂಗಡಿಯವರು ‘ನೀವೇ ತಿರುಗಿಸಿ ಹಾಳು ಮಾಡಿದ್ದು’ ಅಂದರು. ಆರು ತಿಂಗಳ ನಂತರ ಬಿಡಿಭಾಗಗಳ ಬೆಲೆಗೆ ಹೋಯಿತು. ಆದ್ದರಿಂದ ಮಾರುವವರ ಎದುರೇ, ಅವರ ಕೈಯಿಂದಲೇ, ಕಾಲು ಸುತ್ತು ಆಚೆ ಕಾಲು ಸುತ್ತು ಈಚೆ ತಿರುಗಿಸಿ ತೋರಿಸಲು ಹೇಳು. ಅವರು ಹಿಂಜರಿದರೆ ಅದೂ ಒಂದು ಉತ್ತರ.

ಇನ್ನು ಕಡಲ ಗಾಳಿ. ಕಾರವಾರದಲ್ಲಿ ಇಟ್ಟ ಬೇಸಿನ ವಯಸ್ಸು ತಿಳಿಯಲು ಬ್ರಿಜ್, ಅಂದರೆ ಬಾಡಿಯ ಮೇಲೆ ತಂತಿ ಕೂರಿಸುವ ಲೋಹದ ತುಂಡು, ನೋಡಬೇಕು. ತಂತಿ ಕೂರುವ ಸಣ್ಣ ಸ್ಯಾಡಲ್ಲುಗಳಲ್ಲಿ ಅಲೆನ್ ಸ್ಕ್ರೂ ಇರುತ್ತವೆ, ಇರುವೆ ತಲೆಯಷ್ಟು ಸಣ್ಣ ಗುಂಡಿ. ಉಪ್ಪು ಹಿಡಿದು ಆ ಗುಂಡಿಯಲ್ಲಿ ತುಕ್ಕು ತುಂಬಿದ್ದರೆ ಕೀಲಿ ಕೂರುವುದಿಲ್ಲ, ಕೀಲಿ ಕೂರದಿದ್ದರೆ ತಂತಿಯ ಎತ್ತರ ಹೊಂದಿಸಲು ಆಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹಾಕಿ ರಾತ್ರಿ ಬಿಟ್ಟರೆ ಕೆಲವು ಬಿಡುತ್ತವೆ. ಬಿಡದವೂ ಇವೆ. ಬ್ರಿಜ್ ಪೂರ್ತಿ ಬದಲಿಸಬೇಕಾದರೆ ಆ ದುಡ್ಡನ್ನು ಬೆಲೆಯಲ್ಲಿ ಕಳೆ.

ಈಗ ಕೂತು ನುಡಿಸು. ಪ್ರತಿ ತಂತಿ, ಪ್ರತಿ ಫ್ರೆಟ್, ನಿಧಾನ, ಒಂದನ್ನೂ ಬಿಡದೆ. ಬೇಜಾರಿನ ಕೆಲಸ, ಹತ್ತು ನಿಮಿಷ ಬೇಕು. ಝರ್ ಅನ್ನುವ ಜಾಗ ನೆನಪಿಟ್ಟುಕೋ. ತೆಳು ತಂತಿಯ ಐದರಿಂದ ಏಳನೇ ಫ್ರೆಟ್ಟಿನಲ್ಲಿ ಸ್ವರ ಬೇಗ ಸತ್ತರೆ ಗಾಬರಿಯಾಗಬೇಡ, ಬೋಲ್ಟ್ ಹಾಕಿದ ನೆಕ್ಕಿನ ಎಷ್ಟೋ ಒಳ್ಳೆಯ ಬೇಸುಗಳಲ್ಲೂ ಹಾಗಿರುತ್ತದೆ. ಕೊನೆಗೆ ಆ್ಯಂಪಿಗೆ ಹಾಕು. ನಾಬ್ ತಿರುಗಿಸಿದಾಗ ಕರಕರ ಅಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಕೇಬಲ್ ಅಲುಗಿಸಿದರೆ ಸ್ವರ ಹೋಗಿ ಬಂದರೆ ಜ್ಯಾಕ್, ಅದೂ ಸಣ್ಣ ರಿಪೇರಿ. ಈ ಎರಡನ್ನೂ ದೊಡ್ಡ ಕಾಯಿಲೆ ಎಂಬಂತೆ ಮುಖ ಮಾಡಿ ಚೌಕಾಸಿ ಮಾಡು.

ಕುಮಟಾದಿಂದ: ಹುಬ್ಬಳ್ಳಿಯ ಒಬ್ಬರು ಬೇಸ್ ನುಡಿಸಿ ವಿಡಿಯೋ ಕಳಿಸಿದ್ದಾರೆ. ಸ್ವರ ಅದ್ಭುತ. ಅಡ್ವಾನ್ಸ್ ಹಾಕಿಬಿಡಲಾ?

ಯಾವುದರಲ್ಲಿ ಕೇಳಿದಿರಿ, ಫೋನಿನಲ್ಲಾ? ಹಾಗಾದರೆ ನೀವು ಬೇಸನ್ನು ಕೇಳಲೇ ಇಲ್ಲ. ಬೇಸಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರ ಹೊರಡಿಸುವ ತಾಕತ್ತಿಲ್ಲ. ಹೊರಬರುವುದು ಆ ಸ್ವರದ ಮೇಲಿನ ಮರಿಸ್ವರಗಳು ಮಾತ್ರ, ಕೆಳಗಿನದ್ದನ್ನು ನಿಮ್ಮ ಕಿವಿಯೇ ತುಂಬಿಕೊಂಡು ‘ಅದ್ಭುತ’ ಅನ್ನುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ ಮತ್ತೆ ಕೇಳಿ. ಜೊತೆಗೆ ಆ್ಯಂಪ್ ಇಲ್ಲದೆ ಒಂದೊಂದೇ ಫ್ರೆಟ್ ನುಡಿಸಿದ ವಿಡಿಯೋ, ನೆಕ್ಕಿನ ಬದಿಯ ಫೋಟೋ, ಬ್ರಿಜ್ಜಿನ ಹತ್ತಿರದ ಫೋಟೋ, ಸೀರಿಯಲ್ ನಂಬರ್ ಕೇಳಿ. ನಂಬರ್ ಕೇಳಿದರೆ ಕೆಲವರು ಸಿಟ್ಟಾಗುತ್ತಾರೆ, ಆಗಲಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಕಳುವಾಯಿತು, ಮತ್ತೆ ಅವರ ಕೈಸೇರಿದ ಸುದ್ದಿ ಹೊರಬಂದದ್ದು 2024ರಲ್ಲಿ. ಅಂಥವರ ಬೇಸೇ ಐವತ್ತು ವರ್ಷ ಯಾರ್ಯಾರ ಮನೆಯಲ್ಲೋ ಇರಬಹುದಾದರೆ ನಿಮ್ಮ ಹುಬ್ಬಳ್ಳಿಯದ್ದು ಯಾರದ್ದು ಅಂತ ಕೇಳುವುದರಲ್ಲಿ ತಪ್ಪೇನು?

ಅಡ್ವಾನ್ಸ್ ಬೇಡ. ಬಸ್ ಹತ್ತಿ.

ಶಿರಸಿಯಿಂದ: ಬೇಸಿಗೆಯಲ್ಲಿ ಚಂದ ಇದ್ದ ಬೇಸ್ ಆಷಾಢ ಬಂದರೆ ತಂತಿ ಫ್ರೆಟ್ಟಿಗೆ ತಾಗಿ ಝರ್ ಅನ್ನುತ್ತದೆ. ಅಟ್ಟದ ಮೇಲೆ ಬೆಚ್ಚಗೆ ಇಟ್ಟಿದ್ದೇನೆ. ಆದರೂ ಯಾಕೆ ಹೀಗೆ?

ಮಾರಾಯ್ರೇ, ಮೊದಲು ಅಟ್ಟದಿಂದ ಇಳಿಸಿ. ಕೆಳಗೆ ಒಲೆ ಉರಿದಾಗ ಒಣಗಿ, ಆರಿದ ಮೇಲೆ ಮಳೆಯ ತಂಡಿ ಹೀರಿ, ಆ ಮರ ದಿನಕ್ಕೆರಡು ಸಲ ಉಬ್ಬಿ ಕುಗ್ಗುತ್ತಿದೆ. ನೀವು ನಡೆಯುವ, ಕೂರುವ ಕೋಣೆಯಲ್ಲೇ, ಹೊರಗೋಡೆಗೆ ತಾಗದಂತೆ ಇಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒದ್ದೆಯಾದಾಗ ಬದಲಿಸಿ. ಇಷ್ಟು ಮಾಡಿದರೂ ಜೂನ್‌ನಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಟ್ರಸ್ ರಾಡ್ ಮುಟ್ಟಬೇಕಾದೀತು. ಕಾಲು ಸುತ್ತು ಮಾತ್ರ, ಆಮೇಲೆ ಒಂದು ರಾತ್ರಿ ಬಿಟ್ಟು ನೋಡಿ.

ಫ್ರೆಟ್‌ಬೋರ್ಡಿಗೆ ತೆಂಗಿನೆಣ್ಣೆ ಹಚ್ಚಿದ್ದೇನೆ ಅಂತಲೂ ಬರೆದಿದ್ದೀರಿ. ಬೇಡ, ಜಿಗುಟಾಗಿ ಧೂಳು ಹಿಡಿಯುತ್ತದೆ. ಅಂದ ಹಾಗೆ ಗಿಟಾರಿನವರು ಇಂಡಿಯನ್ ರೋಸ್‌ವುಡ್ ಅಂತ ಗೌರವದಿಂದ ಕರೆಯುವುದು ನಿಮ್ಮ ಕಾಡಿನ ಬೀಟೆಯನ್ನೇ. ನಿಮ್ಮ ಬೇಸಿನ ಫ್ರೆಟ್‌ಬೋರ್ಡ್ ಬೀಟೆಯದ್ದಾದರೆ ಅದಕ್ಕೆ ನಿಮ್ಮ ಮಳೆ ಹೊಸದೇನಲ್ಲ. ತೊಂದರೆ ಪಡುವುದು ಹಿಂದಿನ ಮೇಪಲ್ ಮರ, ಪಾಪ, ಅದು ಚಳಿ ದೇಶದ್ದು.

ಅಂಕೋಲಾದಿಂದ: ನನ್ನದು ಸಣ್ಣ ಕೈ. ಹುಡುಗಿಯರಿಗೆ ಬೇಸ್ ಆಗುವುದಿಲ್ಲ, ಗಿಟಾರ್ ಕಲಿ ಅಂತ ಅಣ್ಣ ಹೇಳುತ್ತಾನೆ.

ತಂಗೀ, ಅಣ್ಣನಿಗೆ ಬೇಸ್ ವಾದಕಿ ಮೋಹಿನಿ ಡೇ ನುಡಿಸಿದ ಯಾವುದಾದರೂ ವಿಡಿಯೋ ತೋರಿಸು, ಮಾತು ಅಲ್ಲಿಗೆ ಮುಗಿಯುತ್ತದೆ. ಕೈಯ ವಿಷಯ ಬೇರೆ. ಸಾಮಾನ್ಯ ಬೇಸಿನಲ್ಲಿ ಹೆಡ್‌ಸ್ಟಾಕಿನ ಬಳಿ ತಂತಿ ಕೂರುವ ಪಟ್ಟಿಯಿಂದ (ಇದಕ್ಕೂ ನಟ್ಟು ಅಂತಲೇ ಹೆಸರು) ಬ್ರಿಜ್ಜಿಗೆ 34 ಇಂಚು, ಶಾರ್ಟ್ ಸ್ಕೇಲ್ ಅನ್ನುವುದರಲ್ಲಿ 30 ಇಂಚು. ಆ ನಾಲ್ಕು ಇಂಚು ಮೊದಲ ಫ್ರೆಟ್ಟುಗಳಲ್ಲಿ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಕಡೆ ಶಾರ್ಟ್ ಸ್ಕೇಲ್ ಸಿಗುವುದು ಕಷ್ಟ, ಅದಕ್ಕೆ ಕಾಯಬೇಡ. ಫೆಂಡರ್ ಕಂಪನಿಯ ಜಾಝ್ ಬೇಸ್ ನಮೂನೆಯದ್ದನ್ನು ಹಿಡಿದು ನೋಡು, ಹೆಡ್‌ಸ್ಟಾಕಿನ ಹತ್ತಿರ ಅದರ ನೆಕ್ ಸುಮಾರು 38 ಮಿ.ಮೀ. ಅಗಲ, ಅದೇ ಕಂಪನಿಯ ಪ್ರಿಸಿಷನ್ ನಮೂನೆಯದ್ದಕ್ಕಿಂತ ಕಿರಿದು. ನಿಂತುಕೊಂಡೇ ನೋಡು, ಸ್ಟ್ರಾಪ್ ಹಾಕಿ, ಹದಿನೈದು ನಿಮಿಷ. ಕೂತಾಗ ಹಗುರ ಅನ್ನಿಸಿದ್ದು ನಿಂತಾಗ ನಾಲ್ಕು ಕೆ.ಜಿ. ಆಗಿರುತ್ತದೆ, ಕೆಲವದರ ತಲೆ ಕೆಳಗೆ ವಾಲಿ ಎಡಗೈಗೆ ಅದನ್ನು ಎತ್ತಿ ಹಿಡಿಯುವುದೇ ಕೆಲಸವಾಗುತ್ತದೆ.

ಭಟ್ಕಳದಿಂದ: ಬೇಸಿನ ತಂತಿ ಎಷ್ಟು ತಿಂಗಳಿಗೆ ಬದಲಿಸಬೇಕು? ಬಹಳ ತುಟ್ಟಿ.

ಅಮೆರಿಕದ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ತುಂಡಾದರೆ ಮಾತ್ರ ಬದಲಿಸುತ್ತಿದ್ದರು ಅನ್ನುವುದು ಬೇಸಿನವರೆಲ್ಲರಿಗೂ ಗೊತ್ತಿರುವ ವಿಷಯ. ಅವರದ್ದು ಫ್ಲಾಟ್‌ವೌಂಡ್, ಮೈ ನುಣುಪಾಗಿ ಚಪ್ಪಟೆ ಸುತ್ತಿದ ತಂತಿ. ಸುತ್ತಿನ ಸಂದಿಯಲ್ಲಿ ಬೆವರು, ಉಪ್ಪು ಅಷ್ಟಾಗಿ ಕೂರುವುದಿಲ್ಲ, ಹಾಗಾಗಿ ಕರಾವಳಿಯವರಿಗೆ ಒಳ್ಳೆಯದು. ಆದರೆ ಸ್ವರ ಮಂದ, ಚಟಚಟ ಅನ್ನುವ ಹೊಸ ಶೈಲಿಗೆ ಹೊಂದುವುದಿಲ್ಲ. ರೌಂಡ್‌ವೌಂಡ್, ಅಂದರೆ ದುಂಡಗೆ ಸುತ್ತಿ ಮೈ ಒರಟಾದ ತಂತಿ, ಹಾಕಿದ್ದರೆ ನುಡಿಸಿದ ಮೇಲೆ ಪ್ರತಿ ಸಲ ಹತ್ತಿ ಬಟ್ಟೆಯಲ್ಲಿ ಒರೆಸಿ. ಸತ್ತ ತಂತಿಯನ್ನು ಬಿಚ್ಚಿ ಹತ್ತು ನಿಮಿಷ ಕುದಿಸಿದರೆ ಕೆಲ ದಿನ ಮತ್ತೆ ಜೀವ ಬರುತ್ತದೆ. ಗಂಜಿ ಪಾತ್ರೆಯಲ್ಲಿ ಕುದಿಸಬೇಡಿ, ನಾನು ಕುದಿಸಿ ಬೈಸಿಕೊಂಡಿದ್ದೇನೆ.

ಹೊನ್ನಾವರದಿಂದ: ನನ್ನ ನಾಲ್ಕು ತಂತಿಯ ಬೇಸ್ ಕೊಟ್ಟು ಮೇಲೆ 6 ಸಾವಿರ ಕೊಟ್ಟರೆ ಐದು ತಂತಿಯದ್ದು ಕೊಡ್ತೇನೆ ಅಂತ ನಮ್ಮ ಆರ್ಕೆಸ್ಟ್ರಾದ ಗೆಳೆಯ ಹೇಳುತ್ತಿದ್ದಾನೆ. ಒಪ್ಪಲಾ?

ಐದನೇ ತಂತಿ ಯಾಕೆ ಬೇಕು ಅಂತ ನೀವು ಬರೆದೇ ಇಲ್ಲ. ಗಾಯಕರು ಶ್ರುತಿ ಇಳಿಸಿ ಇಳಿಸಿ ಇ ತಂತಿಯ ಕೆಳಗೆ ಜಾಗ ಸಾಲುತ್ತಿಲ್ಲ ಅಂತಾದರೆ ಸರಿ. ಒಂದೆರಡು ಹಾಡಿಗೆ ಮಾತ್ರ ಆದರೆ ಇ ತಂತಿಯನ್ನೇ ಡಿ ಸ್ವರಕ್ಕೆ ಇಳಿಸಿಕೊಳ್ಳಿ, ಖರ್ಚಿಲ್ಲ. ಆ ಐದನೇ ಬಿ ತಂತಿ ಸೆಕೆಂಡಿಗೆ 31 ಕಂಪನದ್ದು. ಗಣಪತಿ ಹಬ್ಬದ ಪೆಂಡಾಲಿನಲ್ಲಿ ಬಾಡಿಗೆಗೆ ತರುವ ಸ್ಪೀಕರ್ ಅದನ್ನು ಹೊರಡಿಸುತ್ತದಾ, ಅಥವಾ ಬರೀ ಗೊಂಯ್ ಅನ್ನುತ್ತದಾ? ಅಗ್ಗದ ಐದು ತಂತಿಯ ಬೇಸುಗಳಲ್ಲಿ ಆ ತಂತಿ ಒದ್ದೆ ಹಗ್ಗದ ಹಾಗೆ ಜೋಲುತ್ತದೆ, ಬಡಿದರೆ ಸ್ವರಕ್ಕಿಂತ ಸದ್ದೇ ಜಾಸ್ತಿ.

ನಾನಾದರೆ ಹಣದ ಮಾತು ಆಡದೆ ಎರಡು ವಾರಕ್ಕೆ ಬೇಸುಗಳನ್ನು ಸುಮ್ನೆ ಅದಲು ಬದಲು ಮಾಡಿಕೊಳ್ಳುತ್ತೇನೆ. ಎರಡು ಕಾರ್ಯಕ್ರಮ ನುಡಿಸಿ. ಆಮೇಲೂ ಬೇಕು ಅನ್ನಿಸಿದರೆ 6 ಸಾವಿರದ ಚೌಕಾಸಿ ಮಾಡಿ. ಗೆಳೆಯನೇ ಆದರೂ ಕೇಸ್ ಯಾರದ್ದು, ಸ್ಟ್ರಾಪ್ ಯಾರದ್ದು, ಬಿಚ್ಚಿಟ್ಟ ಹಳೆ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಕೊಡುತ್ತಾನಾ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾನು ಈವರೆಗೆ ಹನ್ನೆರಡು ಬೇಸ್ ಕೊಂಡು ಹತ್ತು ಬಿಟ್ಟಿದ್ದೇನೆ. ಮಾರಿದ್ದಕ್ಕೆ ಬೇಜಾರಿಲ್ಲ. ಬದಲಿಸಿಕೊಂಡ ಒಂದು ಕಪ್ಪು ಜಾಝ್ ಬೇಸ್ ಮಾತ್ರ ಈಗಲೂ ಕಣ್ಣಿಗೆ ಕಟ್ಟುತ್ತದೆ, ಅದನ್ನು ಪಡೆದವನು ನನ್ನೆದುರೇ ನುಡಿಸುತ್ತಾನೆ ಬೇರೆ.

ಯಲ್ಲಾಪುರದಿಂದ: ನನ್ನದು ಆ್ಯಕ್ಟಿವ್ ಬೇಸ್, ಒಳಗೆ ಬ್ಯಾಟರಿ ಇರುವಂಥದ್ದು. ಬ್ಯಾಟರಿ ತಿಂಗಳಿಗೊಮ್ಮೆ ಸಾಯುತ್ತದೆ.

ನುಡಿಸಿ ಮುಗಿದ ಮೇಲೆ ಕೇಬಲ್ ಚುಚ್ಚಿಯೇ ಇಡುತ್ತೀರಿ, ಅಲ್ವಾ? ಆ 9 ವೋಲ್ಟ್ ಬ್ಯಾಟರಿಗೆ ಕೇಬಲ್ಲೇ ಸ್ವಿಚ್ಚು. ಕಿತ್ತಿಡಿ.

ಕಾರವಾರದಿಂದ ಒಬ್ಬ ಗೃಹಿಣಿ: ನಮ್ಮವರ ಹತ್ತಿರ ಐದು ಬೇಸ್ ಇವೆ, ಆರನೆಯದರ ಮಾತು ನಡೆಯುತ್ತಿದೆ. ನನಗೆ ಐದೂ ಒಂದೇ ತರ ಕೇಳುತ್ತವೆ. ನಿಜಕ್ಕೂ ಬೇರೆ ಬೇರೆಯಾ?

ಅಕ್ಕಾ, ಬೇರೆಯೇ. 1951ರಲ್ಲಿ ಲಿಯೋ ಫೆಂಡರ್ ತಂದ ಪ್ರಿಸಿಷನ್ ಬೇಸಿಗೆ ಇವತ್ತಿಗೂ ನಡುವೆ ಒಂದೇ ಪಿಕಪ್, 1957ರಿಂದ ಅದನ್ನು ಎರಡು ತುಂಡು ಮಾಡಿ ಕೂರಿಸಿದ್ದಾರೆ. 1960ರ ಜಾಝ್ ಬೇಸಿಗೆ ಎರಡು ಪಿಕಪ್. ಮೊದಲನೆಯದು ಗುಂಡಗೆ, ಎರಡನೆಯದು ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ. ಆದರೆ ಡ್ರಮ್ಮು, ಕೀಬೋರ್ಡು ಸೇರಿದ ಮೇಲೆ ಎದುರು ಕೂತವರಿಗೆ ಆ ವ್ಯತ್ಯಾಸ ಬಹಳ ಮಟ್ಟಿಗೆ ಮುಳುಗಿಹೋಗುತ್ತದೆ, ನೀವು ಹೇಳುವುದೂ ಸುಳ್ಳಲ್ಲ.

ಒಂದು ಕೆಲಸ ಮಾಡಿ. ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿ. ಬೇಸ್ ಬಲ್ಲ ಅವರ ಗೆಳೆಯನನ್ನು ಕರೆದು ಐದರಲ್ಲೂ ಒಂದೇ ತುಣುಕು, ಒಂದೇ ಆ್ಯಂಪಿನಲ್ಲಿ, ಹಿಂದುಮುಂದು ಮಾಡಿ ನುಡಿಸಲು ಹೇಳಿ. ಯಾವುದು ಯಾವುದೆಂದು ಅವರು ಹೇಳಬೇಕು, ನೀವು ಬರೆದುಕೊಳ್ಳಬೇಕು. ತಪ್ಪು ಹೇಳಿದ್ದನ್ನು ಮಾರಿದ ಮೇಲೆ ಆರನೆಯದು. ಐದರಲ್ಲಿ ಬಿಳಿಯದಕ್ಕೆ ‘ಅಡ್ಡಗೆರೆಯೇ ಇಲ್ಲ’ ಅಂತ ಬರೆದಿದ್ದೀರಿ, ಅದು ಫ್ರೆಟ್‌ಲೆಸ್. ಅದನ್ನು ಪರೀಕ್ಷೆಯಲ್ಲಿ ಕೊನೆಗೆ ನುಡಿಸಲಿ. ಅದರಲ್ಲೇನಾದರೂ ಅವರು ತಪ್ಪಿದರೆ ಬೇರೆ ಯಾರಿಗೂ ಹೇಳುವ ಮೊದಲು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ.